ಬಾಗಿಲಾಚೆಯ ಅತ್ತೆ

ನಮ್ಮತ್ತೆ ಕನ್ನಡಿಯಲ್ಲಿ ತಮ್ಮ ಮುಖವನ್ನೇ ಕಂಡರೂ "ಯಾರದು?" ಎಂದು ಕೇಳುವವರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ಅವರಿಗೂ ಅದೇ ಇಷ್ಟ!

ಅತ್ತೆ ಎಂದರೆ ಅಪ್ಪನ ಅಕ್ಕ. ಬಸವೇಶ್ವರನಗರದ ಅವರ ಮನೆಯಲ್ಲಿ ನಾವಿಬ್ಬರೇ. ಸೊಪ್ಪಿನವನು "ಈಗ್ತಾನೇ ಕಿತ್ತಿದ್ದು ಆಂಟಿ" ಎಂದರೆ, "ನಾನು ಕೇಳ್ಲೇ ಇಲ್ವಲ್ಲ, ಯಾಕೆ ಹೇಳ್ದೆ?" ಎಂದು ಕಟ್ಟನ್ನು ವಾಪಸ್ ಇಡುತ್ತಾರೆ.

ಇಂಥವರ ಮನೆಯಲ್ಲಿ ಕೂತು ನಾನು ಮಾಡುವುದು ಅಕೌಂಟ್ ಮ್ಯಾನೇಜರ್ ಕೆಲಸ! ನಮ್ಮ ಕಂಪನಿ ಆಸ್ಪತ್ರೆಗಳಿಗೆ ಯಂತ್ರಗಳನ್ನು ಒದಗಿಸುತ್ತದೆ. ಅವರಿಗೇನು ಬೇಕು, ಏನು ಕೆಟ್ಟಿದೆ, ಯಾಕೆ ಸಿಟ್ಟು ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳುವುದು ನನ್ನ ಪಾಲು. ಈ ಅಕೌಂಟಿಗೂ ಬ್ಯಾಂಕಿಗೂ ಸಂಬಂಧವಿಲ್ಲವೆಂದು ಅತ್ತೆಗೆ ಹೇಳಿ ಹೇಳಿ ಗಂಟಲು ಒಣಗಿದೆ.

ಒಂದು ದಿನ ನಾನು ಫೋನಿನಲ್ಲಿ "ಇನ್ಮೇಲೆ ನಿಮ್ಮ ಅಕೌಂಟ್ ನಾನೇ ನೋಡ್ಕೋತೀನಿ ಸಾರ್" ಎಂದದ್ದು ಬಾಗಿಲಾಚೆ ನಿಂತಿದ್ದ ಅತ್ತೆಯ ಕಿವಿಗೆ ಬಿತ್ತು. ಸಂಜೆ ಎದುರುಮನೆ ಆಂಟಿ ನನ್ನನ್ನು ಕಂಡೊಡನೆ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಯಾಕಾಂಟಿ?"

"ಏನ್ ಬೇಕಾದ್ರೂ ಕೇಳಮ್ಮ, ಓಟಿಪಿ ಮಾತ್ರ ಕೇಳ್ಬೇಡ!"

ಇನ್ನೊಮ್ಮೆ ವಿಡಿಯೋ ಮೀಟಿಂಗಿನ ನಡುವೆ ನನ್ನ ಬೆನ್ನ ಹಿಂದೆ ಪ್ರತ್ಯಕ್ಷರಾಗಿ, ನಮ್ಮ ಬಾಸಿಗೆ "ನಿಮ್ ಐಡಿ ಕಾರ್ಡ್ ತೋರ್ಸಿ" ಎಂದುಬಿಟ್ಟರು. ಪಾಪ, ಅವರು ಹುಡುಕಿ ತೋರಿಸಿದರು. ಅತ್ತೆ ಕನ್ನಡಕ ಏರಿಸಿ ನೋಡಿ, "ಫೋಟೋದಲ್ಲಿ ಕೂದಲಿದೆ" ಎಂದರು. ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ, ಹೇಳಿ?

ಮೊನ್ನೆ ಕೆಂಗೇರಿಯ ಒಂದು ಸೆಂಟರಿನಲ್ಲಿ ಡಯಾಲಿಸಿಸ್ ಯಂತ್ರ ಕೈಕೊಟ್ಟಿತು. ರಿಪೇರಿ ವಿಭಾಗದವರಿಗೆ ಫೋನಿನಲ್ಲಿ ಅಂಗಲಾಚುತ್ತಿದ್ದೆ. "ನಂದು ಡಯಾಲಿಸಿಸ್ ಕೇಸು ಸಾರ್, ಇನ್ನೂ ತಡ ಮಾಡಿದ್ರೆ ತುಂಬಾ ಕಷ್ಟ ಆಗುತ್ತೆ!"

ಆ ದಿನವೆಲ್ಲ ಅತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಾರಿಗೆ ಉಪ್ಪೇ ಇರಲಿಲ್ಲ. ಈ ಸಲ ಅನುಮಾನ ಪಡುವ ಸರದಿ ನನ್ನದು! ಮರುದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೊರಗೆ ಹೋದವರು, ಮೊಣಕೈಯ ಒಳಬದಿಗೆ ಹತ್ತಿ ಅಂಟಿಸಿಕೊಂಡು ಬಂದರು.

"ಏನತ್ತೆ ಇದು?"

"ಲ್ಯಾಬಿಗೆ ಹೋಗಿದ್ದೆ. ರಕ್ತ ಕೊಟ್ಟು ಬಂದೆ. ನಿಂಗೆ ಹೊಂದುತ್ತಾ ನೋಡ್ಬೇಕಲ್ಲ."

"ಏನು ಹೊಂದೋದು?"

"ನಂಗೆ ಎರಡು ಕಿಡ್ನಿ ಇದೆ ಕಣೇ. ಒಂದು ನೀನು ತಗೋ. ಹಳೇದು ಅಂತ ಬೇಡ ಅನ್ಬೇಡ."

ಅವರ ಕೈ ಹಿಡಿದು ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಕೆಟ್ಟದ್ದು ಯಂತ್ರ, ನನಗೇನೂ ಆಗಿಲ್ಲ.

"ನನ್ನಾಣೆಗೂ?"

"ನಿಮ್ಮಾಣೆಗೂ ಅತ್ತೆ."

ಅತ್ತೆ ನನ್ನ ಕಣ್ಣುಗಳನ್ನೇ ದಿಟ್ಟಿಸಿದರು. ಕೆನ್ನೆ ಮುಟ್ಟಿದರು, ಹಣೆ ಮುಟ್ಟಿದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಅಷ್ಟರಲ್ಲಿ ಆಸ್ಪತ್ರೆಯೊಂದರಿಂದ ಫೋನ್ ಬಂತು. "ಆಮೇಲೆ ಮಾಡ್ತೀನಿ ಸಾರ್" ಎಂದೆ. "ಇಲ್ಲಿ ನಮ್ಮತ್ತೆ ಇನ್ನೂ ಕಾಫಿ ಕುಡಿದಿಲ್ಲ."