ಚಿಕ್ಕಪ್ಪನ ಪರಲೋಕ ವಿಚಾರಣೆ

ಮನುಷ್ಯ ಸತ್ತ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬುದು ನಮ್ಮ ಚಿಕ್ಕಪ್ಪನೊಬ್ಬನನ್ನು ಬಿಟ್ಟು ದಾವಣಗೆರೆಯಲ್ಲಿ ಮಿಕ್ಕವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೂ ಅವನು ಕೇಳಿ ಕೇಳಿಯೇ ಗೊತ್ತಾಗುವ ಹಾಗೆ ಮಾಡಿದ್ದ! ಹೊಸಬರನ್ನು ಕಂಡರೆ ಬೇರೆಯವರು ಯಾವೂರು, ಯಾರ ಪೈಕಿ, ಮಳೆ ಹೇಗಿದೆ ಎಂದು ವಿಚಾರಿಸುತ್ತಾರೆ. ಚಿಕ್ಕಪ್ಪನೂ ಅಲ್ಲಿಂದಲೇ ಶುರು ಮಾಡುತ್ತಿದ್ದ. ಆದರೆ ಎರಡನೆಯ ಗುಟುಕು ಚಹಾ ಗಂಟಲಿಗಿಳಿಯುವುದರೊಳಗೆ, "ಅಲ್ರೀ, ನಿಮ್ಮ ಕಡೆ ಹೆಂಗೆ? ಸತ್ತ ಮ್ಯಾಲೆ ಎಲ್ಲಿಗೆ ಹೋಗ್ತಾರೆ ಅಂತಾರೆ?" ಎಂದುಬಿಡುತ್ತಿದ್ದ. ಎದುರಿನವರ ಚಹಾ ಅಲ್ಲಿಗೇ ನಿಲ್ಲುತ್ತಿತ್ತು. ನನ್ನನ್ನು ನೋಡಲು ರಾಣೆಬೆನ್ನೂರಿನಿಂದ ಒಂದು ಸಂಬಂಧ ಬಂದಿತ್ತು. ವರನ ಅಜ್ಜನಿಗೆ ಎಂಬತ್ತು ದಾಟಿತ್ತು. ಚಿಕ್ಕಪ್ಪ ಹೋಗಿ ಹೋಗಿ ಅವರನ್ನೇ ಇದನ್ನು ಕೇಳಿದ. ಅವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಸಂಬಂಧವೂ ಮೇಲೇಳಲಿಲ್ಲ.

ಚಿಕ್ಕಪ್ಪ ಹತ್ತಿ ಗಿರಣಿಯಲ್ಲಿ ಮಗ್ಗಗಳ ಮೇಸ್ತ್ರಿ. ಹಗಲೆಲ್ಲ ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಅವನ ದನಿ ಇಳಿಸಲು ಬಾರದ ಹಾಗಾಗಿತ್ತು. ಹೀಗಾಗಿ ಅವನು ಗುಟ್ಟಿನಲ್ಲಿ ಕೇಳಿದ ಪ್ರಶ್ನೆಯೂ ಇಡೀ ಹೋಟೆಲ್ಲಿಗೆ ಕೇಳುತ್ತಿತ್ತು. ಚಿಕ್ಕಮ್ಮ ನಂದಿಗುಡಿಯವಳು. ಅವರಿಗೆ ಮಕ್ಕಳಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ನನಗೆ ದಾವಣಗೆರೆಯ ಪ್ರೈಮರಿ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಾಗ, ಎರಡೇ ಕೋಣೆಯ ಆ ಮನೆಯಲ್ಲಿ ಒಂದನ್ನು ನನಗೆ ಬಿಟ್ಟುಕೊಟ್ಟು ಮಗಳ ಹಾಗೆ ಇಟ್ಟುಕೊಂಡರು. ಚಿಕ್ಕಪ್ಪನಿಗೆ ಮೊದಲೊಂದು ಮದುವೆಯಾಗಿತ್ತು, ಆಕೆ ನಾನು ಹುಟ್ಟುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳು ಎಂದು ಅವ್ವ ಯಾವಾಗಲೋ ಹೇಳಿದ್ದು ಬಿಟ್ಟರೆ, ಆಕೆಯ ಮಾತು ಆ ಮನೆಯಲ್ಲಿ ಬರುತ್ತಿರಲಿಲ್ಲ. ಗೋಡೆಯ ಮೇಲೆ ಒಂದು ಫೋಟೋ ಕೂಡ ಇರಲಿಲ್ಲ. ಹಾಗಾಗಿ ಚಿಕ್ಕಪ್ಪನದು ಬರೀ ಹುಚ್ಚು ಎಂದೇ ನಾನೂ ತಿಳಿದಿದ್ದೆ. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ನಾಟಕದ ಹುಚ್ಚು. ಇವನಿಗೆ ಪರಲೋಕದ್ದು!

ಒಮ್ಮೆ ಚಿಕ್ಕಮ್ಮನ ತವರಿಗೆ ಹೋದಾಗ ಊರಿಗೆ ಬಂದಿದ್ದ ವಯಸ್ಸಾದ ಅಯ್ಯನವರೊಬ್ಬರನ್ನು ಹಿಡಿದುಕೊಂಡ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ, ಜೀವ ಲಿಂಗದಲ್ಲಿ ಒಂದಾಯಿತು ಎನ್ನುತ್ತೇವೆ. ಅಯ್ಯನವರು ಅದನ್ನೇ ಸಮಾಧಾನದಿಂದ ಬಿಡಿಸಿ ಹೇಳಿದರು. ಉಪ್ಪು ನೀರಿನಲ್ಲಿ ಕರಗಿದ ಹಾಗೆ. ಮತ್ತೆ ಹುಟ್ಟಿಲ್ಲ, ಸ್ವರ್ಗದ ಹಂಗೂ ಇಲ್ಲ, ನರಕದ ಭಯವೂ ಇಲ್ಲ. ಸುತ್ತ ಕುಳಿತವರೆಲ್ಲ ಕೈಮುಗಿದರು. ಚಿಕ್ಕಪ್ಪ ಮಾತ್ರ ಮುಂದಕ್ಕೆ ಸರಿದು ಕುಳಿತು, "ಬುದ್ಧೀ, ಒಂದು ಉಪ್ಪಿನ ಹಳ್ಳು ಇವತ್ತು ಕರಗ್ತು, ಇನ್ನೊಂದು ಇಪ್ಪತ್ತು ವರ್ಷ ಬಿಟ್ಟು ಅದೇ ನೀರಾಗೆ ಕರಗ್ತು ಅನ್ರಿ. ಎರಡಕ್ಕೂ ಒಂದಕ್ಕೊಂದು ಗುರ್ತು ಹತ್ತುತ್ತೇನ್ರಿ?" ಎಂದ.

ಅಯ್ಯನವರು ನಕ್ಕು, ಗುರುತು ಹತ್ತಿದರೆ ಇನ್ನೂ ಕರಗಿಲ್ಲ ಅಂತಲೇ ಅರ್ಥ ಎಂದರು. ಎಲ್ಲರೂ ತಲೆದೂಗಿದರು. ಚಿಕ್ಕಪ್ಪನ ಮುಖ ಮಾತ್ರ ಸಣ್ಣಗಾಯಿತು. ದಾವಣಗೆರೆಗೆ ಮುಟ್ಟುವ ತನಕ ಬಸ್ಸಿನಲ್ಲಿ ಅವನು ಯಾರನ್ನೂ ಏನನ್ನೂ ಕೇಳಲಿಲ್ಲ. ಅದೊಂದು ದಾಖಲೆಯೇ ಸರಿ.

ಅವನ ಹುಚ್ಚಿನ ಬುಡ ನನಗೆ ಕಂಡದ್ದು ಹರಿಹರದ ಹೊಳೆದಂಡೆಯಲ್ಲಿ. ಅಲ್ಲೊಬ್ಬ ಪುರೋಹಿತರಿದ್ದರು. ಒಂದು ಭಾನುವಾರ ಚಿಕ್ಕಪ್ಪ ಅವರ ಜೊತೆ ಎರಡು ತಾಸು ಕುಳಿತು ಬಂದ. ಜೀವ ಒಂದು ವರ್ಷ ನಡೆಯುತ್ತಲೇ ಇರಬೇಕಂತೆ. ದಾರಿಯಲ್ಲಿ ಮುಳ್ಳು, ಕಾದ ಮರಳು, ದಾಟಲಾಗದ ನದಿ. ಅದಕ್ಕೇ ಅವರಲ್ಲಿ ಸತ್ತವರ ಹೆಸರಿನಲ್ಲಿ ಕೊಡೆ, ಚಪ್ಪಲಿ ದಾನ ಕೊಡುತ್ತಾರಂತೆ. ಮರುವಾರ ನನಗೂ ಶಾಲೆಗೆ ರಜೆ ಎಂದು, ಹೊಳೆ ನೋಡಿ ಬರೋಣ ಬಾ ಎಂದು ಕರೆದುಕೊಂಡು ಹೋದ. ಅವನ ಕಂಕುಳಲ್ಲಿ ಒಂದು ಕಾಗದದ ಪೊಟ್ಟಣವಿತ್ತು.

ಪುರೋಹಿತರು ಪೊಟ್ಟಣ ಬಿಚ್ಚಿದರು. ಒಳಗೆ ಹೆಂಗಸರ ಚಪ್ಪಲಿ, ಅದೂ ಪುಟ್ಟದು. ಅವರು ಅದನ್ನೊಮ್ಮೆ, ತಮ್ಮ ಮೊರದಗಲದ ಪಾದವನ್ನೊಮ್ಮೆ ನೋಡಿಕೊಂಡರು. ದಾನವಾಗಿ ತೆಗೆದುಕೊಂಡದ್ದನ್ನು ಒಮ್ಮೆಯಾದರೂ ಮೆಟ್ಟಬೇಕು, ಇದರಲ್ಲಿ ನನ್ನ ಹೆಬ್ಬೆರಳೂ ತೂರುವುದಿಲ್ಲವಲ್ಲ ಎಂದು ಪೇಚಾಡಿಕೊಂಡರು. ದೊಡ್ಡ ಅಳತೆಯದನ್ನು ತರಬಾರದಿತ್ತೇ ಎಂದರು. ಅದಕ್ಕೆ ಚಿಕ್ಕಪ್ಪ, ದೊಡ್ಡದಾದರೆ ಆಕೆಗೆ ಜಾರುತ್ತದೆ, ಆಕೆಯ ಪಾದ ತನ್ನ ಗೇಣಿಗಿಂತ ಒಂದು ಬೆರಳು ಕಮ್ಮಿ ಎಂದು ಗೇಣು ಹಾಕಿ ತೋರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಪುರೋಹಿತರ ಹೆಂಡತಿ ಹೊರಗೆ ಬಂದು, ನಾನು ಮೆಟ್ಟುತ್ತೇನೆ ಕೊಡಿ ಎಂದು ಇಸಿದುಕೊಂಡರು. ಎಲ್ಲ ಮುಗಿದ ಮೇಲೆ ಪುರೋಹಿತರು, ತೀರಿಕೊಂಡು ಎಷ್ಟು ತಿಂಗಳಾಯಿತು ಎಂದು ಕೇಳಿದರು.

"ಇಪ್ಪತ್ತೆರಡು ವರ್ಷ ಆತ್ರಿ."

ಪುರೋಹಿತರು ಒಳ್ಳೆಯವರು. ಮೆಲ್ಲಗೆ, ದಾರಿ ಇರುವುದು ಒಂದೇ ವರ್ಷದ್ದು, ಆಕೆ ಎಂದೋ ಮುಟ್ಟಿರುತ್ತಾಳೆ ಎಂದರು. ಚಿಕ್ಕಪ್ಪ ತಲೆಯಾಡಿಸಿ ಎದ್ದ. ಹೊಳೆಯ ಮೆಟ್ಟಿಲಿಳಿದು ಕುಳಿತ. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

"ಹಂಗಾರೆ ಬರಿಗಾಲಾಗೇ ನಡೆದು ಮುಗಿಸ್ಯಾಳೆ" ಎಂದ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ನನಗೆ ಮಾತ್ರ ಕೇಳುವಷ್ಟು ಸಣ್ಣದಾಗಿತ್ತು.

ಹೊಳೆ ನೋಡುತ್ತಲೇ ಅವನು ಎಲ್ಲ ಹೇಳಿದ. ಆಕೆಗೆ ಆಗ ಹತ್ತೊಂಬತ್ತು. ಮದುವೆಯಾಗಿ ಮೂರು ವರ್ಷ. ಜ್ವರ ಒಂಬತ್ತನೆಯ ದಿನವೂ ಇಳಿಯಲಿಲ್ಲ. ಇವನು ನೀರು ಕುಡಿಸಲು ತಲೆ ಎತ್ತಿ ಹಿಡಿದಾಗ ಆಕೆ ಕಣ್ಣು ಬಿಟ್ಟು, ನೀವು ಬರೋತನಕ ನಾನು ಕಾಯ್ಕೊಂಡಿರ್ತೀನಿ ಎಂದಳಂತೆ. ಇವನು ಹೂಂ ಎಂದನಂತೆ. ಅಷ್ಟೇ.

"ಎಲ್ಲಿ ಕಾಯ್ತಿ ಅಂತ ಕೇಳ್ಬೇಕಿತ್ತು. ನಾನು ದಡ್ಡ, ಕೇಳ್ಲಿಲ್ಲ. ಕಾಯೋಳು ಕಾಯ್ತಾ ಅದಾಳೆ. ನಾನು ಯಾವ ಕಡೆ ಹೋಗ್ಲಿ ಹೇಳು ಮಗಾ?"

ಮೂರನೆಯ ತರಗತಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವವಳು ನಾನು. ಸ್ವಲ್ಪ ಹೊತ್ತಿನ ಹಿಂದೆ ಆ ಚಪ್ಪಲಿ ಕಂಡು ನಕ್ಕದ್ದಕ್ಕೆ ನನ್ನ ಬಾಯಿಗೆ ಮಣ್ಣು ಹಾಕಿಕೊಳ್ಳಬೇಕು ಅನ್ನಿಸಿತು.

ಇದಾದ ಮೇಲೆ ಅವನ ವಿಚಾರಣೆ ನಿಂತಿತೆಂದು ತಿಳಿಯಬೇಡಿ. ಜವಳಿ ಅಂಗಡಿಯ ಜೈನ ಸೇಠರೊಬ್ಬರು, ಜೀವ ಒಂದು ಕ್ಷಣವೂ ಕಾಯುವುದಿಲ್ಲ, ಈ ದೇಹ ಬಿಟ್ಟ ಕೂಡಲೇ ಇನ್ನೊಂದು ದೇಹ ಹಿಡಿಯುತ್ತದೆ, ಎಲ್ಲಿ ಎನ್ನುವುದು ಅವರವರ ಕರ್ಮಕ್ಕೆ ಬಿಟ್ಟದ್ದು ಎಂದರು. ಕಾಯುತ್ತೇನೆ ಎಂದಿದ್ದಳಲ್ಲ ಎಂದು ಇವನು ವಾದಿಸಿ ನೋಡಿದ. ಅದು ಆಕೆಯ ಕೈಯಲ್ಲಿಲ್ಲ ಎಂದರು. ಮನುಷ್ಯ ಜನ್ಮವೇ ಸಿಕ್ಕಿರಬೇಕೆಂದೂ ಇಲ್ಲವಂತೆ. ಅಂದಿನಿಂದ ಬೀದಿಯ ದನ, ನಾಯಿ, ಗುಬ್ಬಿ ಯಾವುದನ್ನೂ ಚಿಕ್ಕಪ್ಪ ಗದರಿಸಿದ್ದಿಲ್ಲ. ಮುಖ್ಯವಾಗಿ ಹಿತ್ತಿಲಿಗೆ ಬರುತ್ತಿದ್ದ ಒಂದು ಕಂದು ಬೆಕ್ಕು. ಅದು ಇವನನ್ನೇ ದಿಟ್ಟಿಸಿ ನೋಡುತ್ತದೆ, ಇವನು ಗಿರಣಿಯಿಂದ ಬರುವ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತದೆ ಎಂದು ದಿನವೂ ತನ್ನ ಪಾಲಿನ ಹಾಲು ಅದಕ್ಕೆ ಎರೆಯತೊಡಗಿದ. ಎರಡು ತಿಂಗಳು ಚಿಕ್ಕಮ್ಮ ಸುಮ್ಮನೆ ನೋಡಿದಳು. ಒಂದು ದಿನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು:

"ಹಾಲು ಹಾಕಾಕೆ ನಂದೇನು ಅಡ್ಡಿ ಇಲ್ರಿ. ಆದ್ರೆ ಅದು ಗಂಡು ಬೆಕ್ಕು ಐತೆ."

ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ಗೊತ್ತಾದದ್ದು ಆಗ! ಮದುವೆಯಾಗಿ ಬಂದ ದಿನದಿಂದ ಗಂಡ ಯಾರನ್ನು ಹುಡುಕುತ್ತಿದ್ದಾನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟಾದರೂ ಬೆಕ್ಕಿಗೆ ಹಾಲು ತಪ್ಪಲಿಲ್ಲ. ಚಿಕ್ಕಪ್ಪನಿಗೆ ರಾತ್ರಿ ಪಾಳಿ ಇದ್ದ ದಿನ ಅವಳೇ ಎರೆಯುತ್ತಿದ್ದಳು.

ಹರಿಹರದ ಪಾದ್ರಿಗಳೊಬ್ಬರ ಬಳಿ ಅವನು ಮೊದಲ ಬಾರಿಗೆ ಕೇಳಬೇಕಾದ್ದನ್ನೇ ನೇರವಾಗಿ ಕೇಳಿದ. ಎರಡು ಮದುವೆಯಾದವನು ಮೇಲೆ ಹೋದರೆ ಯಾವ ಹೆಂಡತಿಯ ಗಂಡ? ಪಾದ್ರಿಗಳು ಬೆರಗಾಗಲಿಲ್ಲ. ಇದನ್ನು ಕೇಳಿದವರು ನಮ್ಮ ಗ್ರಂಥದಲ್ಲೇ ಇದ್ದಾರೆ, ಅಲ್ಲಿ ಮದುವೆ ಎಂಬುದೇ ಇಲ್ಲ, ಗಂಡನೂ ಇಲ್ಲ, ಹೆಂಡತಿಯೂ ಇಲ್ಲ, ಎಲ್ಲರೂ ದೇವದೂತರ ಹಾಗೆ ಎಂದರು. ಚಿಕ್ಕಪ್ಪ ಮನೆಗೆ ಬಂದು ಇದನ್ನು ಹೇಳಿ ತಲೆಯ ಮೇಲೆ ಕೈ ಹೊತ್ತು ಕುಳಿತ. ಚಿಕ್ಕಮ್ಮ ಮಾತ್ರ, "ಸದ್ಯ, ಅಲ್ಲಾದ್ರೂ ರೊಟ್ಟಿ ಬಡಿಯೋದು ತಪ್ತು" ಎಂದಳು.

ಗಿರಣಿಯಲ್ಲಿ ಕೆಂಪು ಬಾವುಟದ ಒಬ್ಬ ಹುರುಪಿನ ತರುಣನಿದ್ದ. ದೀಪ ಆರಿದ ಮೇಲೆ ಬೆಳಕು ಎಲ್ಲಿಗೆ ಹೋಯಿತು ಎಂದು ಯಾರಾದರೂ ಹುಡುಕುತ್ತಾರೆಯೇ, ಸತ್ತ ಮೇಲೆ ಏನೂ ಇಲ್ಲ ಎಂದು ಅವನು ಖಡಾಖಂಡಿತವಾಗಿ ಹೇಳಿದ. ಎಲ್ಲರ ಜೊತೆ ವಾದಿಸುವ ಚಿಕ್ಕಪ್ಪ ಅವನ ಜೊತೆ ಮಾತ್ರ ವಾದಕ್ಕಿಳಿಯಲಿಲ್ಲ. ಪಾಪ, ಅವನಿಗೋಸ್ಕರ ಅಲ್ಲಿ ಯಾರೂ ಕಾಯುತ್ತಿಲ್ಲ, ಇನ್ನೂ ಹುಡುಗ ಎಂದ.

ಅವನಿಗೆ ಸ್ವಲ್ಪವಾದರೂ ನೆಮ್ಮದಿ ಕೊಟ್ಟವರು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಒಬ್ಬ ಸಾಹೇಬರು. ಗಿರಣಿಯ ಗೇಟಿನ ಎದುರು ಅವರ ಅಂಗಡಿ. ಸತ್ತವರೆಲ್ಲ ಕಯಾಮತ್ತಿನ ದಿನದವರೆಗೆ ಕಾಯುತ್ತಾರೆ, ಅಂದು ಎಲ್ಲರೂ ಒಟ್ಟಿಗೆ ಏಳುತ್ತಾರೆ ಎಂದು ಅವರು ಹೇಳಿದಾಗ, ಕಾಯುತ್ತಾರೆ ಎಂಬ ಮಾತನ್ನು ಚಿಕ್ಕಪ್ಪ ಮೂರು ಸಲ ಹೇಳಿಸಿಕೊಂಡ. ಆಮೇಲೆ ಅವನಿಗೆ ಹೊಸ ಚಿಂತೆ. ಹುಟ್ಟಿದವರೆಲ್ಲ ಒಂದೇ ದಿನ ಎದ್ದರೆ ಆ ಗದ್ದಲದಲ್ಲಿ ಒಬ್ಬ ಹೆಣ್ಣುಮಗಳನ್ನು ಹುಡುಕುವುದು ಹೇಗೆ? ಸಾಹೇಬರು ಹಿಂಜುವ ಬಿಲ್ಲು ಪಕ್ಕಕ್ಕಿಟ್ಟು ಗಡ್ಡದ ಹತ್ತಿ ಕೊಡವಿಕೊಂಡರು. "ನಿಮ್ಮೋರ ಹಿಸಾಬು ನನಗೆ ಗೊತ್ತಿಲ್ಲ ಭಾಯಿ. ಮಾಲಿಕನಿಗೆ ಗೊತ್ತು. ಆದ್ರೆ ನಾನು ಮೊದ್ಲು ಹೋದ್ರೆ ನಿಮ್ಮ ಮನಿಯೋರು ಎಲ್ಲಿ ಅದಾರೆ ಅಂತ ಕೇಳಿ ಇಡ್ತೀನಿ."

ಆದರೆ ಮೊದಲು ಹೊರಟವನು ಚಿಕ್ಕಪ್ಪನೇ. ಅರವತ್ತರ ದಶಕದ ಶುರುವಿನಲ್ಲಿ ಅವನಿಗೆ ಕೆಮ್ಮು ಹತ್ತಿತು. ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕುಳಿತಲ್ಲೇ ಏದುಸಿರು. ಗಿರಣಿ ಬಿಟ್ಟ. ಒಂದು ಬೇಸಿಗೆಯ ಹೊತ್ತಿಗೆ ಎದೆಗೂಡಷ್ಟೇ ಉಳಿಯಿತು. ಸಾಹೇಬರು ತಾವೇ ಹಿಂಜಿದ ಹತ್ತಿಯ ಮೆತ್ತನೆಯ ಗಾದಿ ಹೊಲಿದು ತಂದು ಹಾಸಿ ಹೋದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಚಿಕ್ಕಮ್ಮ ಗೋಡೆಗೆ ಒರಗಿ ಕುಳಿತು, ಅವನ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ತಾಸುಗಟ್ಟಲೆ ಕೂರುತ್ತಿದ್ದಳು. ಆ ಕೂಗುವ ದನಿ ಹೋಗಿ ಬರೀ ಪಿಸುಮಾತು ಉಳಿದಿತ್ತು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗಲೂ ಅವರು ಹಾಗೆಯೇ ಕುಳಿತಿದ್ದರು. ಚಿಕ್ಕಪ್ಪ ಬಹಳ ಹೊತ್ತು ಚಿಕ್ಕಮ್ಮನ ಕೈಯನ್ನೇ ನೋಡುತ್ತಿದ್ದ. ಇಪ್ಪತ್ತೈದು ವರ್ಷ ರೊಟ್ಟಿ ಬಡಿದ ಒರಟು ಕೈ. ಆಮೇಲೆ, ತನಗೆ ಇನ್ನೂ ಏನೂ ಗೊತ್ತಾಗಲಿಲ್ಲ, ಎಲ್ಲರೂ ಒಂದೊಂದು ಹೇಳಿದರು ಎಂದ. ಚಿಕ್ಕಮ್ಮ ಅವನ ಬಾಯಿ ಒರೆಸಿದಳು.

"ಹೋಗ್ರಿ, ಸಿಗ್ತಾಳೆ. ಅಕ್ಕಗೆ ಹೇಳ್ರಿ, ನಿಮ್ಮನ್ನ ನಾನು ಚೆಂದಾಗಿ ನೋಡ್ಕಂಡೆ ಅಂತ."

ಚಿಕ್ಕಪ್ಪ ಮುಖ ತಿರುಗಿಸಲು ನೋಡಿದ, ಆಗಲಿಲ್ಲ. ಹಿಂದೆ ಕುಳಿತವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಕಂಡಿದ್ದು ನನಗೆ ಮಾತ್ರ.

"ಮತ್ತೆ ನೀನು? ನೀನು ಎಲ್ಲಿಗೆ ಬರ್ತಿ?" ಎಂದ.

ಊರಿಗೆ ಊರನ್ನೇ ಕೇಳಿದವನು ತನ್ನ ಮನೆಯೊಳಗಿನವಳನ್ನು ಇದನ್ನು ಕೇಳಿದ್ದು ಅದೇ ಮೊದಲು. ಅವನ ಉಸಿರು ಎಳೆದಂತೆಲ್ಲ ಅವಳ ಎದೆಯೂ ಏರಿ ಇಳಿಯುತ್ತಿತ್ತು. ಆಮೇಲೆ, ಬೇಗ ಬರಬೇಡ, ನಿಧಾನ ಮಾಡು ಎಂದು ಅವನೇ ಅಂದ. ನಾಲ್ಕು ದಿನಕ್ಕೆ ಹೋದ.

ಚಿಕ್ಕಮ್ಮ ನಿಧಾನವನ್ನೇ ಮಾಡಿದಳು. ನನಗೆ ಮದುವೆಯಾಗಲಿಲ್ಲ, ಅವಳಿಗೆ ನಾನು, ನನಗೆ ಅವಳು. ಒಮ್ಮೆ ಹಿತ್ತಿಲ ಬಿಸಿಲಿನಲ್ಲಿ ಅವಳ ತಲೆ ಬಾಚುತ್ತಿದ್ದೆ. ಆ ಹೊತ್ತಿಗೆ ಕೂದಲೆಲ್ಲ ಬೆಳ್ಳಗಾಗಿತ್ತು. ಬಹಳ ದಿನದಿಂದ ಬಾಯಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ. ಚಿಕ್ಕಪ್ಪ ಈಗ ಎಲ್ಲಿದ್ದಾನೆ ಅಂತೀಯಾ? ಆ ಅಯ್ಯನವರು, ಪುರೋಹಿತರು, ಸಾಹೇಬರು, ಇವರಲ್ಲಿ ಯಾರ ಮಾತನ್ನು ನಂಬುತ್ತೀ?

ನಾನು ಹಣಿಗೆಯಿಂದ ಬಿಡಿಸಿ ಕೊಟ್ಟ ಕೂದಲನ್ನು ಅವಳು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು.

"ಅದೆಲ್ಲ ನನಗೆ ಗೊತ್ತಿಲ್ಲ ಮಗಾ. ನೀನೆಲ್ಲಿಗೆ ಬರ್ತಿ ಅಂತ ಅವತ್ತು ಒಂದು ದಿನ ಕೇಳಿದ್ರಲ್ಲ, ನೀನೂ ಇದ್ದಿ. ನನಗೆ ಅಷ್ಟು ಸಾಕಾತು" ಎಂದಳು. ಆಮೇಲೆ ತಲೆ ಬಗ್ಗಿಸಿ, ಜಡೆ ಸ್ವಲ್ಪ ಬಿಗಿಯಾಗಿ ಹಾಕು ಎಂದಳು.