ಪಕ್ಕೆಲುಬಿಗೇರಿದ ಪಿಸ್ತೂಲು

ಸಮವಸ್ತ್ರ ಮತ್ತು ಶಿಸ್ತು ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಬ್ಯಾಂಕಿನ ನಗದು ಸಾಗಿಸುವ ವ್ಯಾನಿನ ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುವ (ಬೇರೆ ಹೇಗೂ ಕೂರಲು ತಾವು ಬಿಟ್ಟಿಲ್ಲ) ಸಶಸ್ತ್ರ ಕಾವಲುಗಾರನೊಬ್ಬನ ನಮಸ್ಕಾರಗಳು. ಕೈ ಮುಗಿಯುವಾಗ ಬಲ ಮೊಣಕೈ ಪಿಸ್ತೂಲಿಗೆ ತಗಲಿ ನಮಸ್ಕಾರ ತುಸು ಎಡಕ್ಕೆ ವಾಲಿದೆ. ಗೌರವದಲ್ಲಿ ಮಾತ್ರ ಯಾವ ವಾಲಾಟವೂ ಇಲ್ಲ.

ವಾರ್ಷಿಕೋತ್ಸವದ ಗುಂಪು ಫೋಟೋದಲ್ಲಿ ಪಿಸ್ತೂಲು ಇಡುವ ನಮ್ಮ ಹೋಲ್‌ಸ್ಟರ್‌ಗಳು ಒಂದೊಂದು ಒಂದೊಂದು ಎತ್ತರದಲ್ಲಿ ಕಂಡು ತಾವು ಬಹಳ ನೊಂದಿರೆಂದು ಕೇಳಿದ್ದೇನೆ. ತೀರಾ ಕೆಳಗೆ ಇಳಿಸಿದರೆ ಸೀಟಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಓಡುವಾಗ ತೊಡೆಗೆ ಬಡಿಯುತ್ತದೆ. ತೀರಾ ಮೇಲೇರಿಸಿದರೆ ಕೈಗೆ ಎಟುಕುವುದಿಲ್ಲ. ಆದ್ದರಿಂದ ಅವರವರ ಮೈಗೆ ಒಗ್ಗಿದ ಕಡೆ ಕಟ್ಟಿಕೊಳ್ಳುತ್ತಿದ್ದ ನಮ್ಮ ಅನಾಗರಿಕತೆಗೆ ತಾವು ಒಂದೇ ಏಟಿಗೆ ಮಂಗಳ ಹಾಡಿದಿರಿ. ಉಗ್ರಾಣದಲ್ಲಿ ಸಮವಸ್ತ್ರ ಹಾಕಿ ನಿಲ್ಲಿಸಿರುವ ಗೊಂಬೆಗೆ ಬೆಲ್ಟ್ ತೊಡಿಸಿ, ಪಿಸ್ತೂಲಿನ ಹಿಡಿ ಬೆಲ್ಟಿನಿಂದ ಒಂದು ಗೇಣು ಮೇಲೆ ಬರುವಂತೆ ಹೋಲ್‌ಸ್ಟರ್ ಬಿಗಿದು, ದೂರ ನಿಂತು ನೋಡಿ, "ಈಗ ನೋಡ್ರಿ, ಲಕ್ಷಣವಾಗಿದೆ. ಎಲ್ಲರಿಗೂ ಇದೇ ಇರಲಿ" ಅಂದಿರಂತೆ. ಗೊಂಬೆ ತಕರಾರು ಮಾಡಲಿಲ್ಲ. ಅದಕ್ಕೆ ಕೈಗಳಿಲ್ಲ, ಆದ್ದರಿಂದ ಪಿಸ್ತೂಲು ಎಳೆಯುವ ಗೋಜಿಲ್ಲ. ಹೊಟ್ಟೆಯಿಲ್ಲ, ಕೂರುವ ಅಭ್ಯಾಸವೂ ಇಲ್ಲ. ಇಲಾಖೆ ಬಯಸುವ ಆದರ್ಶ ಕಾವಲುಗಾರ ಅದೇ.

ಈಗ ಸಾಲು ನೇರ, ಉಸಿರು ಭಾರ. ವ್ಯಾನು ಗುಂಡಿಗೆ ಇಳಿದಾಗಲೆಲ್ಲ ಪಿಸ್ತೂಲಿನ ಹಿಡಿ ನನ್ನ ಪಕ್ಕೆಲುಬುಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತದೆ. ಮನೆಯಲ್ಲಿ ಅಂಗಿ ಬಿಚ್ಚಿದರೆ ಹೆಂಡತಿ, "ಅಲ್ರೀ, ದುಡ್ಡು ಕಾಯೋಕೆ ಹೋಗ್ತೀರೋ ಒದೆ ತಿನ್ನೋಕೆ ಹೋಗ್ತೀರೋ?" ಅನ್ನುತ್ತಾಳೆ. ಇದು ಶಿಸ್ತಿನ ಗುರುತು ಅಂದೆ. "ಹಾಗಾದ್ರೆ ನಿಮ್ಮ ಸಾಹೇಬರಿಗೂ ಸ್ವಲ್ಪ ಹಚ್ಚಿ" ಅಂದು ಮುಲಾಮಿನ ಡಬ್ಬಿ ಕೊಟ್ಟಳು. ಲಗತ್ತಿಸಿದ್ದೇನೆ.

ನನ್ನ ಮೈ ಉದ್ದ, ಹೇಗೋ ಸಹಿಸೇನು. ನನ್ನ ಜೊತೆಗಾರ, ಎಲ್ಲರ ಬಾಯಲ್ಲೂ ಗಿಡ್ಡಣ್ಣ, ಅವನ ಸೊಂಟಕ್ಕೂ ಕಂಕುಳಿಗೂ ನಡುವೆ ತಮ್ಮ ಗೇಣು ಹಿಡಿಸುವಷ್ಟು ಜಾಗವನ್ನು ದೇವರು ಮಂಜೂರು ಮಾಡಿಲ್ಲ. ಪಿಸ್ತೂಲು ತೆಗೆಯಬೇಕಾದರೆ ಅವನು ಮೊಣಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಬೇಕು. ಹಿಂದೊಮ್ಮೆ ವ್ಯಾನಿನ ಬಾಗಿಲಿಗೆ ಸಲಾಕೆ ಹಾಕಿದವರ ಎದುರು, ನಾನಿನ್ನೂ ಹೋಲ್‌ಸ್ಟರಿನ ಗುಂಡಿಗೆ ತಡಕಾಡುತ್ತಿದ್ದಾಗಲೇ ಪಿಸ್ತೂಲು ಹಿಡಿದು ನಿಂತಿದ್ದವನು ಇದೇ ಗಿಡ್ಡಣ್ಣ. ಅವರು ಸಲಾಕೆ ಬಿಟ್ಟು ಓಡಿದರು, ನಾನು ಮನೆಗೆ ಹೋಗಿ ಉಂಡೆ. ಅಂಥವನು ಈ ಸಲದ ಪರೀಕ್ಷೆಯಲ್ಲಿ ಪಿಸ್ತೂಲು ಎಳೆಯುವುದು ತಡವಾಯಿತೆಂದು ನಪಾಸು. ಸೋಮವಾರ ಮರುಪರೀಕ್ಷೆಯಂತೆ, ಅದೇ ಎತ್ತರದಲ್ಲಂತೆ. ಮತ್ತೆ ತಪ್ಪಿದರೆ ವ್ಯಾನಿನಿಂದ ಇಳಿಸಿ, ಆಯುಧ ಕಸಿದು, ಗೇಟಿನಲ್ಲಿ ಸೀಟಿ ಕೊಟ್ಟು ನಿಲ್ಲಿಸುತ್ತಾರಂತೆ. "ಬಿಡೋ ಮಾರಾಯ, ಸೀಟಿ ಊದೋಕಾದ್ರೆ ಎತ್ತರದ ಲೆಕ್ಕ ಇರಲ್ಲ" ಎಂದು ಅವನು ನಗುತ್ತಾನೆ. ನನಗೆ ನಗು ಬರುತ್ತಿಲ್ಲ. ನಕ್ಕರೆ ಪಕ್ಕೆ ನೋಯುತ್ತದೆ ಅನ್ನುವುದು ಒಂದೇ ಕಾರಣವಲ್ಲ.

ಆದ್ದರಿಂದ ಸವಿನಯ ಕೋರಿಕೆ. ಸೋಮವಾರದೊಳಗೆ ಗಿಡ್ಡಣ್ಣನನ್ನು ಒಂದು ಗೇಣು ಉದ್ದ ಮಾಡಿಸಿಕೊಡಿ. ಅದು ತಮ್ಮ ವಿಭಾಗದ ವ್ಯಾಪ್ತಿಗೆ ಬರದಿದ್ದರೆ, ಸಲಾಕೆ ಹಿಡಿದು ಬರುವವರಿಗೆ ಒಂದು ಸುತ್ತೋಲೆ ಕಳಿಸಿ: ಕಾವಲುಗಾರನ ಮೊಣಕೈ ಕಿವಿಗೇರಿ ಇಳಿಯುವ ತನಕ ದಯವಿಟ್ಟು ಸಾಲಿನಲ್ಲಿ ಕಾಯಿರಿ. ಅದೂ ಕಷ್ಟವೆಂದಾದರೆ ಕೊನೆಯ, ತೀರಾ ಅಸಾಧ್ಯವಾದ ಬೇಡಿಕೆಯೊಂದಿದೆ: ಹೋಲ್‌ಸ್ಟರನ್ನು ಅವನ ಸೊಂಟಕ್ಕೆ ಇಳಿಸಿಕೊಂಡು ಪರೀಕ್ಷೆ ಕೊಡಲು ಅವನಿಗೆ ಅಪ್ಪಣೆ ಕೊಡಿ. ಫೋಟೋ ತೆಗೆಸುವ ದಿನ ಬೇಕಾದರೆ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸೋಣ.

ಬಗ್ಗಲು ಸಿದ್ಧನಿದ್ದರೂ ಬಗ್ಗಲಾಗದ,
ತಮ್ಮ ವಿಶ್ವಾಸಿ,
ವ್ಯಾನಿನ ಹಿಂದಿನ ಸೀಟು, ಬಲಬದಿ

ತಾ.ಕ.: ಪಕ್ಷಪಾತ ಬೇಡವೆಂದು ನಿನ್ನೆ ತಮ್ಮ ಗೊಂಬೆಯನ್ನೂ ವ್ಯಾನಿಗೆ ಹತ್ತಿಸಿ, ಗಿಡ್ಡಣ್ಣನ ಸೀಟಿನಲ್ಲಿ ಕೂರಿಸಲು ನೋಡಿದೆವು. ಅದು ಸೊಂಟದಲ್ಲಿ ಮುರಿದು ಎರಡಾಯಿತು. ಹೋಲ್‌ಸ್ಟರ್ ಮಾತ್ರ ತಾವು ಬಿಗಿದ ಎತ್ತರದಲ್ಲೇ ಇದೆ. ಆ ಸೀಟು ಸೋಮವಾರದ ತನಕ ಗಿಡ್ಡಣ್ಣನದು; ಆಮೇಲೆ ಖಾಲಿಯಾದರೆ ಕೂರಲು ತಾವೇ ಬನ್ನಿ. ಬರುವಾಗ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಆರಾಮವಾಗಿ ಮಲಗಿರುವ ತಮ್ಮ ಪಿಸ್ತೂಲನ್ನೂ ಎಬ್ಬಿಸಿ ತನ್ನಿ. ಒಂದು ಗೇಣು ಮೇಲೆ, ಮರೆಯಬೇಡಿ.