ಬಿಸಿ ಮುದ್ದೆಗೊಂದು ಜಾವಾ ಪ್ರೋಗ್ರಾಮು

ಎಲ್ಲಕ್ಕೂ ಮೂಲ ತಣ್ಣಗಾದ ಮುದ್ದೆ. ಹರಿಪ್ರಸಾದನ ಮನೆ ಅವನು ಕೆಲಸ ಮಾಡುವ ನೆಲಮಂಗಲದ ಗೋಡೌನಿನ ಹಿಂದೆಯೇ ಇತ್ತು. ಹೆಂಡತಿ ಶಶಿರೇಖಾ ಒಗ್ಗರಣೆ ಹಾಕಿದರೆ ಅವನ ಆಫೀಸಿನ ಮೇಜಿಗೇ ಘಮ ಬರುತ್ತಿತ್ತು. ಆದರೆ ಮದುವೆಯಾಗಿ ಆರು ತಿಂಗಳಾದರೂ ಮಧ್ಯಾಹ್ನ ಅವಳೆದುರು ಕೂತು ಉಣ್ಣುವ ಯೋಗ ಬಂದಿರಲಿಲ್ಲ. ಗೋಡೌನಿನ ಸರಕಿನ ವಿವರವೆಲ್ಲ ಬೆಂಗಳೂರಿನ ಹೆಡ್ಡಾಫೀಸಿನಲ್ಲಿ, ಮೇನ್‌ಫ್ರೇಮ್ ಎಂಬ ಬೀರುವಿನಂಥ ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ದಿನಾ ಬೆಳಗ್ಗೆ ಕೈಬೀಸಿಕೊಂಡು ಬಸ್ಸು ಹತ್ತಿ, ಸಂಜೆ ಪ್ರಿಂಟೌಟಿನ ಕಟ್ಟು ಹೊತ್ತು ತರುವುದೇ ಅವನ ಕೆಲಸ. ಮಧ್ಯಾಹ್ನದ ಮುದ್ದೆ ಅವನ ಪಾಲಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು.

ಹೋಗುವಾಗ ಕಿಟಕಿಗೆ ತಲೆಯಾನಿಸಿ ಕನಸು ಕಾಣುತ್ತಿದ್ದ. ಕನಸಿನಲ್ಲಿ ತಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಮುದ್ದೆ, ಎದುರಿಗೆ ಶಶಿರೇಖಾ. ಪಾಪ, ಆಸೆ ದೊಡ್ಡದೇನಲ್ಲ. ಅದಕ್ಕಾಗಿಯೇ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು, ಎರಡು ತಿಂಗಳು ಕೂತು ಪ್ರೋಗ್ರಾಮು ಬರೆದ. ಮೇಜಿನ ಮೇಲಿನ ಕಂಪ್ಯೂಟರು ಫೋನ್ ತಂತಿಯಲ್ಲಿ ಕೇಳಬೇಕು, ಮೇನ್‌ಫ್ರೇಮ್ ವಿವರ ಕಳಿಸಬೇಕು, ಇವನು ಮನೆಗೆ ಹೋಗಿ ಉಣ್ಣಬೇಕು.

ಪರೀಕ್ಷೆಯ ದಿನ, "ಇವತ್ತು ಊಟಕ್ಕೆ ಬರ್ತೀನಿ ಕಣೇ" ಎಂದು ಹೇಳಿಯೇ ಬಂದಿದ್ದ. ಮ್ಯಾನೇಜರ್ ವೆಂಕಟರಾಯಪ್ಪನವರು ಕುರ್ಚಿ ಎಳೆದುಕೊಂಡು ಕೂತರು. ಪರದೆಯ ಮೇಲೆ ಎರಡು ಸಾಲು ಮೂಡಿ ನಿಂತುಹೋಯಿತು. ಆಫೀಸಿನ ಒಳಕೋಣೆಯಲ್ಲಿ, ಫೋನ್ ಬಂದರೆ ಇಲ್ಲಿಗೇ ಬರುವ ಪಕ್ಕದ ಮನೆಯ ಪಾಪಕ್ಕ ಅದೇ ಲೈನಿನ ಇನ್ನೊಂದು ಫೋನನ್ನು ಕಿವಿಗಿಟ್ಟುಕೊಂಡಿದ್ದಳು.

"ಸಾಸಲು ಊರಿಂದ ಮಗಳು ಫೋನ್ ಮಾಡ್ತೀನಿ ಅಂದಿದ್ಲಪ್ಪ. ಇದ್ರಲ್ಲಿ ಯಾರೋ ಕಿರುಚ್ತಾವ್ರೆ."

"ಅದು ಮೇನ್‌ಫ್ರೇಮು ಮಾತಾಡ್ತಿರೋದು. ಕೆಳಗಿಡಕ್ಕಾ."

"ಯಾರಾದ್ರೇನು, ಊಟ ಆಯ್ತಾ ಅಂತ ಕೇಳ್ದೆ. ಉತ್ರಾನೇ ಕೊಡ್ಲಿಲ್ಲ."

ಎರಡನೇ ಸಲ ಕರೆಂಟು ಹೋಯಿತು. ಮೂರನೇ ಸಲ ಪಾಪಕ್ಕ ತಾನೇ ಮಗಳಿಗೆ ಫೋನ್ ಹಚ್ಚಿದಳು. ನಾಲ್ಕನೇ ಸಲ ಹರಿಪ್ರಸಾದ್ ಅವಳನ್ನು ಕರೆತಂದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಆಗ ನೋಡಿ, ಹೊಂಗೆ ಹೂ ಉದುರಿದಂತೆ ಸಾಲುಗಳು ಒಂದೊಂದಾಗಿ ಉದುರಿದವು. ಅದೇ ಹೊತ್ತಿಗೆ ಹಿಂದಿನಿಂದ ಒಗ್ಗರಣೆಯ ಘಮ. ಅವನ ಕಣ್ಣು ತುಂಬಿಬಂತು.

ವೆಂಕಟರಾಯಪ್ಪನವರು ಪ್ರಿಂಟು ತೆಗೆಸಿ, ಕಾಗದವನ್ನು ಹುಡುಗನ ಜಾತಕದಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಭೇಷ್ ಕಣಯ್ಯ. ಎಲ್ಲಾ ಸರಿಯಾಗೈತೆ. ಹೆಡ್ಡಾಫೀಸ್ ಸೀಲೆಲ್ಲಿ?"

"ಕಂಪ್ಯೂಟರು ಸೀಲ್ ಒತ್ತಲ್ಲ ಸಾರ್."

"ಹಂಗಾದ್ರೆ ತಗೊಂಡೋಗು. ಅವರ ಪ್ರಿಂಟೌಟ್ ಜೊತೆ ತಾಳೆ ನೋಡಿಸಿ, ಎರಡಕ್ಕೂ ಸೀಲ್ ಹಾಕಿಸ್ಕೊಂಡು ಬಾ. ದಿನಾ ಹಿಂಗೇ ಮಾಡ್ಬಿಡು."

ಶಶಿರೇಖಾ ಬಡಿಸಿದ ಮುದ್ದೆಯನ್ನು ಡಬ್ಬಿಗೆ ಹಾಕಿ ಬಾಗಿಲಲ್ಲೇ ಕೊಟ್ಟಳು. ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಕಾಗದದ ಕಟ್ಟು, ಕಟ್ಟಿನ ಮೇಲೆ ಡಬ್ಬಿ. ಇಷ್ಟು ದಿನ ಹೋಗುವಾಗಲಾದರೂ ಕೈ ಖಾಲಿಯಿತ್ತು. ಈಗ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ ಸಾಕು, ಕಟ್ಟು ಜಾರುತ್ತಿತ್ತು.